ಎಚ್‌ಡಿ ಯಕ್ಷಗಾನದಿಂದ ಒಳ್ಳೆಯ ಡಿವಿಡಿ: ಮೊದಲು ಬಿಡಿಸಿ, ಆಮೇಲೆ ಕುಗ್ಗಿಸಿ

ನಮ್ಮೂರಿನ ಯಕ್ಷಗಾನವನ್ನು ಎಚ್‌ಡಿ ಕ್ಯಾಮೆರಾದಲ್ಲಿ ತೆಗೆದು, ಅಜ್ಜನ ಮನೆಯ ಪ್ಲೇಯರಿಗೆ ಅಂತ ಡಿವಿಡಿ ಮಾಡಿದ್ದೆ. ಕಂಪ್ಯೂಟರಿನಲ್ಲಿ ಅಷ್ಟು ಚೆಂದ ಕಾಣುತ್ತಿದ್ದ ಆಟ ಟಿವಿಯಲ್ಲಿ ಕೆಟ್ಟಿತ್ತು. ವೇಷಧಾರಿ ಧೀಂಗಿಣ (ಗಿರಗಿರ ತಿರುಗುತ್ತಾ ಹಾರುವ ಕುಣಿತ) ಹಾಕಿದಾಗಲೆಲ್ಲ ಕಿರೀಟದ ಅಂಚು ಗರಗಸದ ಹಲ್ಲಿನಂತೆ ಒಡೆಯುತ್ತಿತ್ತು. ತಪ್ಪು ಕ್ಯಾಮೆರಾದ್ದಲ್ಲ. ನಾನು ಚಿತ್ರ ಕುಗ್ಗಿಸಿದ ಕ್ರಮದ್ದು.

ಮೊದಲು ಅಳತೆ ನೋಡೋಣ. ಎಚ್‌ಡಿ ಚೌಕಟ್ಟಿನಲ್ಲಿ 1920 × 1080 ಚುಕ್ಕೆಗಳು. ನಮ್ಮಲ್ಲಿ ನಡೆಯುವ ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಯಲ್ಲಿ 720 × 576, ಸೆಕೆಂಡಿಗೆ 25 ಫ್ರೇಮ್. ಗುಣಿಸಿ ನೋಡಿ, ಸರಿಯಾಗಿ ಐದನೇ ಒಂದು ಪಾಲು. ಐದರಲ್ಲಿ ನಾಲ್ಕು ಪಾಲು ಹೇಗೂ ಹೋಗುತ್ತದೆ. ಉಳಿಯುವ ಒಂದು ಪಾಲನ್ನು ಕೆಡಿಸದೆ ಉಳಿಸಿಕೊಳ್ಳುವುದೇ ನಮ್ಮ ಕೆಲಸ.

ಇನ್ನು ಗರಗಸದ ಹಲ್ಲಿನ ವಿಷಯ. ಇದನ್ನು ನಿಧಾನವಾಗಿ ಓದಿ. ನಾನು ಆಟ ತೆಗೆದದ್ದು 1080ಐಯಲ್ಲಿ, ಅಂದರೆ ಇಂಟರ್‌ಲೇಸ್. ಒಂದು ಫ್ರೇಮಿನೊಳಗೆ ಎರಡು ಫೀಲ್ಡ್ ಇರುತ್ತವೆ: ಒಂದರಲ್ಲಿ ಬೆಸ ಗೆರೆಗಳು, ಇನ್ನೊಂದರಲ್ಲಿ ಸಮ ಗೆರೆಗಳು, ತಲಾ 540. ಎರಡನ್ನೂ ಒಂದೇ ಕ್ಷಣದಲ್ಲಿ ತೆಗೆದಿರುವುದಿಲ್ಲ. ನಡುವೆ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಅಂತರ. ಅಷ್ಟರಲ್ಲಿ ಕುಣಿಯುವವನು ಒಂದಿಷ್ಟು ತಿರುಗಿರುತ್ತಾನೆ, ಅಲ್ವಾ? ಈ ಫ್ರೇಮನ್ನು ಸುಮ್ನೆ 576 ಗೆರೆಗೆ ಕುಗ್ಗಿಸಿದರೆ ಎರಡು ಕ್ಷಣದ ಗೆರೆಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಮತ್ತೆ ಬೇರ್ಪಡಿಸಲು ಬರುವುದಿಲ್ಲ.

ಅದಕ್ಕೇ ಮೊದಲು ಬಿಡಿಸಬೇಕು. ಒಂದೊಂದು ಫೀಲ್ಡಿನಿಂದಲೂ ಒಂದೊಂದು ಪೂರ್ಣ ಫ್ರೇಮ್ ಮಾಡಿಸಿ, ಸೆಕೆಂಡಿಗೆ 50 ಫ್ರೇಮ್ ಬರಲಿ. ಇದಕ್ಕೆ ಬಾಬ್ ಡಿಇಂಟರ್‌ಲೇಸ್ ಅನ್ನುತ್ತಾರೆ. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ಸಾಫ್ಟ್‌ವೇರಿನಲ್ಲಿ ಇದಕ್ಕೆ ಯಾಡಿಫ್ ಫಿಲ್ಟರ್ ಇದೆ. ಅದರಲ್ಲಿ ಫೀಲ್ಡಿಗೊಂದು ಫ್ರೇಮ್ ಕೊಡುವ ಆಯ್ಕೆ ಹಾಕಿ. ಅವಿಸಿಂತ್ ಎಂಬ ಇನ್ನೊಂದು ಸಾಫ್ಟ್‌ವೇರ್ ಬಳಸುವವರಿಗೆ ಅದೇ ಕೆಲಸಕ್ಕೆ ಕ್ಯುಟಿಜಿಎಂಸಿ ಇದೆ. ತುಂಬಾ ನಿಧಾನ, ಆದರೆ ಫಲಿತಾಂಶ ನೋಡಿದರೆ ಕಾದದ್ದು ವ್ಯರ್ಥ ಅನಿಸುವುದಿಲ್ಲ. ಆಮೇಲೆ 720 × 576ಕ್ಕೆ ಕುಗ್ಗಿಸಿ. ಕೊನೆಗೆ ಎರಡೆರಡು ಫ್ರೇಮಿನ ಗೆರೆಗಳನ್ನು ಹೆಣೆದು ಮತ್ತೆ ಇಂಟರ್‌ಲೇಸ್ ಮಾಡಿ, ಸೆಕೆಂಡಿಗೆ 25ಕ್ಕೆ ತನ್ನಿ. ಹೀಗೆ ಮಾಡಿದರೆ ಕುಣಿತದ ಓಟ ಹಾಗೇ ಉಳಿಯುತ್ತದೆ. ಸೆಕೆಂಡಿಗೆ 50 ಪೂರ್ಣ ಫ್ರೇಮ್ ತೆಗೆಯುವ 50ಪಿ ಕ್ಯಾಮೆರಾ ಇದ್ದರೆ ಬಿಡಿಸುವ ಹೆಜ್ಜೆ ಬೇಡ, ಉಳಿದದ್ದು ಅದೇ.

ಹೆಣೆಯುವಾಗ ಮೇಲಿನ ಫೀಲ್ಡ್ (ಬೆಸ ಗೆರೆಗಳದ್ದು) ಮೊದಲು ಅಂತ ಕೊಟ್ಟರೆ, ಚಿತ್ರವನ್ನು ಡಿವಿಡಿಯ ರೂಪಕ್ಕೆ ಒತ್ತುವ ಎನ್‌ಕೋಡರಿನಲ್ಲೂ ಅದನ್ನೇ ಹೇಳಬೇಕು. ಎರಡೂ ಹೊಂದದಿದ್ದರೆ ಚಲನೆ ಹಿಂದೆ ಮುಂದೆ ಜಗ್ಗಿ ಕಣ್ಣು ನೋಯುತ್ತದೆ. ಇನ್ನೊಂದು ಮಾತು: ಚಿತ್ರವನ್ನು ಜಾಸ್ತಿ ಚೂಪು ಮಾಡಬೇಡಿ. ಒಂದೇ ಗೆರೆಯಷ್ಟು ತೆಳ್ಳಗಿನ ಅಂಚು ಒಂದು ಫೀಲ್ಡಿನಲ್ಲಿ ಮಾತ್ರ ಸಿಕ್ಕಿ, ಹಳೆಯ ಟಿವಿಯಲ್ಲಿ ಮಿನುಗುತ್ತದೆ. ಸೀರೆಯ ಜರಿಯಲ್ಲಿ ಇದು ಬೇಗ ಕಾಣುತ್ತದೆ. ಮೇಲಿಂದ ಕೆಳಕ್ಕೆ ಸ್ವಲ್ಪವೇ ಮೆದುಮಾಡಿದರೆ ಸಾಕು.

ಬಣ್ಣವನ್ನು ಮರೆಯುವವರೇ ಹೆಚ್ಚು. ಬಣ್ಣವನ್ನು ಅಂಕಿಗೆ ಇಳಿಸುವ ಮಾನಕ ಎರಡರಲ್ಲೂ ಬೇರೆ: ಎಚ್‌ಡಿಯದು 709, ಡಿವಿಡಿಯದು 601. ಬದಲಿಸದೆ ಬಿಟ್ಟರೆ ಕೆಂಪು ಸ್ವಲ್ಪ ಮಂಕಾಗುತ್ತದೆ, ಹಸಿರು ಬೇಕಾದ್ದಕ್ಕಿಂತ ಎದ್ದು ಕಾಣುತ್ತದೆ. ಯಕ್ಷಗಾನದ ವೇಷದಲ್ಲಿ ಕೆಂಪೇ ಮಂಕಾದರೆ ಇನ್ನೇನು ಉಳಿಯಿತು? ಸಾಫ್ಟ್‌ವೇರ್ ತಾನೇ ಬದಲಿಸುತ್ತದೆ ಅಂತ ನಂಬಬೇಡಿ, ಸೆಟ್ಟಿಂಗ್‌ನಲ್ಲಿ ನೀವೇ ಹೇಳಿ. ಜೊತೆಗೆ 16:9 ಅಂತ ಗುರುತು ಹಾಕಿ. ಇಲ್ಲದಿದ್ದರೆ ಪಾತ್ರಧಾರಿಗಳು ಸಪೂರವಾಗಿ ಉದ್ದುದ್ದ ಕಾಣುತ್ತಾರೆ.

ಕೊನೆಗೆ ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ಆಟಕ್ಕೆ ಸಿಗುವ ದತ್ತಾಂಶ. ಒಂದು ಪದರದ ಡಿಸ್ಕಿನಲ್ಲಿ 4.7 ಜಿಬಿ ಜಾಗ. ಮೂರು ಗಂಟೆಯ ಕಾಲಮಿತಿ ಆಟವನ್ನು ಪೂರ್ತಿ ಅದರಲ್ಲೇ ತುರುಕಿದರೆ ಸೆಕೆಂಡಿಗೆ ಸುಮಾರು 3.5 ಮೆಗಾಬಿಟ್ ಸಿಗುತ್ತದೆ. ಗಿರಗಿರ ತಿರುಗುವ ಕುಣಿತಕ್ಕೆ ಅದು ಸಾಲದು, ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಎರಡು ಡಿಸ್ಕಿಗೆ ಒಂದೂವರೆ ಗಂಟೆಯಂತೆ ಹಂಚಿ. ಆಗ ಸುಮಾರು 7 ಮೆಗಾಬಿಟ್ ಆಗುತ್ತದೆ. ಧ್ವನಿಗೆ ಎಸಿ-3 ಎಂಬ ರೂಪದಲ್ಲಿ 256 ಕಿಲೋಬಿಟ್ ಕೊಡಿ. ಚೆಂಡೆ, ಜಾಗಟೆಯ ಪೆಟ್ಟಿಗೆ ಅದಕ್ಕಿಂತ ಕಡಿಮೆ ಮಾಡಲು ನನಗೆ ಮನಸ್ಸಿಲ್ಲ. ಮೆನುವಿಗೆ ಒಂದಿಷ್ಟು ಜಾಗ ಬಿಟ್ಟು, ಚಿತ್ರದ ಸರಾಸರಿ 6.4ರ ಹತ್ತಿರ ಇಟ್ಟು, ಡಿವಿಡಿಯ ಎಂಪೆಗ್-2 ರೂಪದಲ್ಲಿ ಎರಡು ಸುತ್ತಿನ (ಮೊದಲ ಸುತ್ತಿನಲ್ಲಿ ಅಳೆದು, ಎರಡನೆಯದರಲ್ಲಿ ಒತ್ತುವ) ಎನ್‌ಕೋಡಿಂಗ್ ಮಾಡಿ. ನಿಯಮದ ಪ್ರಕಾರ ಚಿತ್ರ 9.8ರ ತನಕ ಹೋಗಬಹುದು. ಆದರೆ ಮನೆಯಲ್ಲಿ ಬರೆದ ಡಿಸ್ಕಿಗೆ ಗರಿಷ್ಠ 8 ಸಾಕು. ಅದಕ್ಕಿಂತ ಮೇಲೆ ಹೋದರೆ ಕೆಲವು ಹಳೆಯ ಪ್ಲೇಯರ್‌ಗಳು ತಡವರಿಸುತ್ತವೆ.

ಪೂರ್ತಿ ಆಟ ಎನ್‌ಕೋಡ್ ಮಾಡುವ ಮುಂಚೆ, ಧೀಂಗಿಣ ಇರುವ ಎರಡು ನಿಮಿಷದ ತುಣುಕನ್ನು ಮಾತ್ರ ಮತ್ತೆ ಬರೆಯಬಹುದಾದ ಡಿಸ್ಕಿಗೆ ಹಾಕಿ, ಟಿವಿಯಲ್ಲೇ ನೋಡಿ. ಫೀಲ್ಡಿನ ತಪ್ಪು ಕಂಪ್ಯೂಟರಿನ ಪರದೆಯಲ್ಲಿ ಕಣ್ಣಿಗೆ ಬೀಳದೆ ಹೋಗಬಹುದು.