ಅಂಚುಪಟ್ಟಿಗೆ ಗ್ರೂವ್: ಕೀಸುಳಿಯಿಂದ ರೂಟರ್‌ವರೆಗಿನ ದಾರಿ

ಆರ್ಕೇಡ್ ಆಟದ ಕ್ಯಾಬಿನೆಟ್ಟನ್ನು ಮನೆಯಲ್ಲೇ ಕಟ್ಟಲು ಹೊರಟವರು ಅಂಚಿನ ಪ್ಲಾಸ್ಟಿಕ್ ಪಟ್ಟಿಯ ಯೋಚನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಕೆಲಸ ಕೆಡುವುದೂ ಹೆಚ್ಚಾಗಿ ಅಲ್ಲೇ. ಟಿ-ಮೋಲ್ಡಿಂಗ್ ಎನ್ನುವ ಈ ಪಟ್ಟಿಯ ಹಿಂಬದಿಯಲ್ಲಿ ಮುಳ್ಳುಗಳಿರುವ ತೆಳು ನಾಲಿಗೆಯೊಂದಿದೆ. ಹಲಗೆಯ ದಪ್ಪದ ನಟ್ಟನಡುವೆ ಕೊರೆದ ಸಣ್ಣ ಗ್ರೂವ್‌ನೊಳಗೆ ಅದು ಕಚ್ಚಿ ಕೂರಬೇಕು. ಆ ಗ್ರೂವ್‌ನ ಅಗಲ ಸಾಮಾನ್ಯವಾಗಿ 1.6, 2 ಅಥವಾ 2.4 ಮಿ.ಮೀ. ಇಷ್ಟು ಕಿರಿದಾಗಿ, ಅದೂ ಬಾಗಿದ ಅಂಚಿನುದ್ದಕ್ಕೂ ಕೊರೆಯಬೇಕು ಎಂಬುದರಿಂದಲೇ ಯಾವ ಉಪಕರಣ ಎಂಬ ಪ್ರಶ್ನೆ ಹುಟ್ಟುತ್ತದೆ.

ಹಲಗೆಯ ಅಂಚಿಗೆ ಗ್ರೂವ್ ಹೊಡೆಯುವುದು ಬಡಗಿಗಳಿಗೆ ಹೊಸದೇನಲ್ಲ. ಅದಕ್ಕೆಂದೇ ಗ್ರೂವ್ ಕೀಸುಳಿ ಇತ್ತು. ಆದರೆ ಅದರ ಅಲಗುಗಳ ಸೆಟ್ಟಿನಲ್ಲಿ ಅತಿ ಕಿರಿದಾದದ್ದೇ ಸಾಮಾನ್ಯವಾಗಿ 3.2 ಮಿ.ಮೀ. ನೇರ ಅಂಚು ಬಿಟ್ಟರೆ ಬಾಗಿನಲ್ಲಿ ಅದು ಓಡುವುದೂ ಇಲ್ಲ. ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ಅಮೆರಿಕದ ಆರ್. ಎಲ್. ಕಾರ್ಟರ್ ಕೈಯಲ್ಲಿ ಹಿಡಿಯುವ ವಿದ್ಯುತ್ ರೂಟರ್, ಅಂದರೆ ಕಟರನ್ನು ವೇಗವಾಗಿ ತಿರುಗಿಸಿ ಮರ ಕೊರೆಯುವ ಯಂತ್ರ, ತಯಾರಿಸಿದರು. 1929ರಲ್ಲಿ ಆ ವ್ಯವಹಾರ ಸ್ಟಾನ್ಲಿ ಕಂಪನಿಯ ಕೈಸೇರಿತು. ಬಾಗು ಅಂಚಿನ ತೊಡಕು ಬಿಡಿಸಿದ್ದು ಈ ಯಂತ್ರವೇ.

ಅಂಚು ಮುಚ್ಚುವ ಅಗತ್ಯ ತಂದದ್ದು ಶೀಟ್ ಹಲಗೆಗಳು. ಪಾರ್ಟಿಕಲ್ ಬೋರ್ಡ್ ಮತ್ತು ಪ್ಲೈವುಡ್‌ನ ಕೊಯ್ದ ಅಂಚು ನೋಡಲು ಒರಟು, ಪೆಟ್ಟು ಬಿದ್ದರೆ ಉದುರುತ್ತದೆ, ನೀರು ಕುಡಿಯುತ್ತದೆ. 1971ರ ಕಂಪ್ಯೂಟರ್ ಸ್ಪೇಸ್ ಆಟದ ಮೈ ಫೈಬರ್‌ಗ್ಲಾಸ್‌ನದು. ಮರುವರ್ಷದ ಪಾಂಗ್ ಹಲಗೆಯ ಪೆಟ್ಟಿಗೆಯಲ್ಲಿ ಬಂತು. ಆ ನಂತರ ಹಲಗೆಯ ಕ್ಯಾಬಿನೆಟ್ಟೇ ರೂಢಿಯಾಯಿತು. ದಿನವಿಡೀ ಜನ ಒರಗಿ ಉಜ್ಜುವ ಅಂಚಿಗೆ ಟಿ-ಮೋಲ್ಡಿಂಗ್ ಕವಚವಾಯಿತು. 1997ರಲ್ಲಿ ನಿಕೋಲಾ ಸಾಲ್ಮೋರಿಯಾ ಬಿಡುಗಡೆ ಮಾಡಿದ ಮೇಮ್ ತಂತ್ರಾಂಶ ಹಳೆಯ ಆಟಗಳನ್ನು ಮನೆಯ ಕಂಪ್ಯೂಟರಿಗೆ ತಂದಾಗ, ಕಾರ್ಖಾನೆಯವರು ಮಾಡುತ್ತಿದ್ದ ಈ ಕೊರೆತ ಹವ್ಯಾಸಿಗಳ ಕೈಗೆ ಬಂತು.

ಮನೆಯಲ್ಲಿ ಇದ್ದುದನ್ನೇ ಬಳಸೋಣ ಎನ್ನುವವರು ಮೊದಲು ನೋಡುವುದು ಬಿಸ್ಕಿಟ್ ಜಾಯಿನರ್‌ನತ್ತ. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಹರ್ಮನ್ ಸ್ಟೈನರ್ ರೂಪಿಸಿದ ಬಿಸ್ಕಿಟ್ ಜೋಡಣೆಗಾಗಿ, ಅಂದರೆ ತೆಳು ಮರದ ಬಿಲ್ಲೆಗಳಿಂದ ಹಲಗೆ ಕೂಡಿಸುವುದಕ್ಕಾಗಿ, ಬಂದ ಯಂತ್ರವದು. ಅದರ ಬ್ಲೇಡು ಸುಮಾರು 4 ಮಿ.ಮೀ. ಕೊರೆಯುತ್ತದೆ. ಆ ಗ್ರೂವ್‌ನಲ್ಲಿ ನಾಲಿಗೆ ಗೋಡೆಗೆ ತಾಗುವುದೇ ಇಲ್ಲ. ಟೇಬಲ್ ಗರಗಸದ ಪೂರ್ಣ ದಪ್ಪದ ಬ್ಲೇಡು 3.2 ಮಿ.ಮೀ., ಅದೂ ಅಗಲವೇ. ತೆಳು ಬ್ಲೇಡು ಹಾಕಿದರೆ ನೇರ ಅಂಚಿಗೆ ಆದೀತು, ಬಾಗಿಗೆ ಆಗದು. ಆ್ಯಂಗಲ್ ಗ್ರೈಂಡರ್‌ಗೆ ಗರಗಸದ ಬ್ಲೇಡು ಸಿಕ್ಕಿಸುವುದಂತೂ ಬೇಡವೇ ಬೇಡ. ಅದು ಒದ್ದರೆ ಕೈ ಉಳಿಯುವುದಿಲ್ಲ.

ಹಾಗಾಗಿ ಉಳಿಯುವುದು ರೂಟರ್ ಮತ್ತು ಬೇರಿಂಗ್ ಇರುವ ಸ್ಲಾಟ್ ಕಟರ್: ಗ್ರೂವ್ ಕೊರೆಯುವ ಹಲ್ಲಿನ ಚಕ್ರ, ಅದರ ಬೇರಿಂಗ್ ಹಲಗೆಯ ಅಂಚಿಗೆ ತಾಗಿ ಉರುಳುತ್ತದೆ. ಪಟ್ಟಿ ಮೊದಲು ಕೊಳ್ಳಿ, ಕಟರ್ ಆಮೇಲೆ. ನಾಲಿಗೆಯನ್ನು ಕ್ಯಾಲಿಪರ್‌ನಲ್ಲಿ ಎರಡು ಕಡೆ ಅಳೆಯಿರಿ: ಮುಳ್ಳಿಲ್ಲದ ಭಾಗದ ದಪ್ಪ, ಮುಳ್ಳು ಸೇರಿದ ದಪ್ಪ. ಗ್ರೂವ್ ಮೊದಲನೆಯದಕ್ಕಿಂತ ಅಗಲ, ಎರಡನೆಯದಕ್ಕಿಂತ ಕಿರಿದು ಇರಬೇಕು. ಬಿಗಿ ಹೆಚ್ಚಾದರೆ ಎಂಡಿಎಫ್‌ನ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ) ಅಂಚು ಪುಸ್ತಕದ ಹಾಳೆಗಳಂತೆ ಬಾಯಿ ಬಿಡುತ್ತದೆ.

ಆಳವನ್ನು ನಿರ್ಧರಿಸುವುದು ಬೇರಿಂಗ್. 47.6 ಮಿ.ಮೀ. ವ್ಯಾಸದ ಕಟರ್‌ಗೆ 22 ಮಿ.ಮೀ. ಬೇರಿಂಗ್ ಹಾಕಿದರೆ 12.8 ಮಿ.ಮೀ. ಆಳ, 28.6 ಮಿ.ಮೀ. ಬೇರಿಂಗ್ ಹಾಕಿದರೆ 9.5 ಮಿ.ಮೀ. ಆಳ. ನಾಲಿಗೆಯ ಉದ್ದಕ್ಕಿಂತ ಒಂದೆರಡು ಮಿ.ಮೀ. ಹೆಚ್ಚು ಆಳವಿರಲಿ, ಹೊಟ್ಟಿಗೆ ಜಾಗ ಬೇಕು. ಚೌಕ ಒಳಮೂಲೆಯಲ್ಲಿ ಬೇರಿಂಗ್ ಎರಡೂ ಬದಿಗೆ ತಾಗಿ ನಿಲ್ಲುವುದರಿಂದ ಆಳ ತಗ್ಗುತ್ತದೆ. ಸಣ್ಣ ಬೇರಿಂಗ್‌ನಲ್ಲಿ ಮೂಲೆಯಲ್ಲಿ 8 ಮಿ.ಮೀ. ಚಿಲ್ಲರೆ ಸಿಗುತ್ತದೆ, ದೊಡ್ಡದರಲ್ಲಿ 4 ಕೂಡ ಸಿಗದು. ಅಲ್ಲಿ ನಾಲಿಗೆಯನ್ನು ಕತ್ತರಿಸಿ ತೆಗೆಯಬೇಕು, ಇಲ್ಲವೇ ಮೂಲೆಯನ್ನೇ ದುಂಡಾಗಿಸಬೇಕು.

ಹಲ್ಲು ಕಾರ್ಬೈಡ್‌ನದೇ ಆಗಿರಲಿ. ಶೀಟ್ ಹಲಗೆಯ ಅಂಟು ಹೈಸ್ಪೀಡ್ ಸ್ಟೀಲನ್ನು ಬೇಗ ಮೊಂಡಾಗಿಸುತ್ತದೆ. ಕಟರ್‌ನ ಕಾಂಡವಾದ ಶ್ಯಾಂಕ್, ಅದನ್ನು ಹಿಡಿಯುವ ರೂಟರ್‌ನ ಕಾಲೆಟ್‌ಗೆ ಸರಿಯಾಗಿ ಹೊಂದಬೇಕು. 6 ಮಿ.ಮೀ. ಶ್ಯಾಂಕನ್ನು 6.35ರ ಕಾಲೆಟ್‌ನಲ್ಲಿ ಬಿಗಿದರೆ ಅದು ಓಡುವಾಗಲೇ ಜಾರಿ ಹೊರಬರಬಹುದು. ಒಂದು ಕೈಯಲ್ಲಿ ಹಿಡಿಯುವ ಸಣ್ಣ ಟ್ರಿಮ್ ರೂಟರ್ ಸಾಕಾಗುತ್ತದೆ, ಆದರೆ ವೇಗ ಇಳಿಸುವ ಸೌಲಭ್ಯ ಇದ್ದರೆ ಒಳ್ಳೆಯದು. 47.6 ಮಿ.ಮೀ. ಕಟರ್‌ನ ಹಲ್ಲಿನ ತುದಿ ನಿಮಿಷಕ್ಕೆ 24,000 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 60 ಮೀಟರ್ ಓಡುತ್ತದೆ, 16,000ದಲ್ಲಿ 40 ಮೀಟರ್. ಎರಡನೆಯದೇ ಕೈಗೆ ಹಿತ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇಲ್ಲದೆ ಎಂಡಿಎಫ್ ಮುಟ್ಟಬೇಡಿ.

ಕಟರ್‌ನ ಎತ್ತರ ಹೊಂದಿಸುವಾಗ ಅದೇ ಹಲಗೆಯ ತುಣುಕಿನ ಮೇಲೆ ಕೊರೆದು ನೋಡಿ. ತುಣುಕನ್ನು ಮಗುಚಿ ಮತ್ತೆ ಕಟರ್ ಆಡಿಸಿದಾಗ ಗ್ರೂವ್ ಅಗಲವಾಗದಿದ್ದರೆ ನಡು ಸರಿಯಿದೆ. ನಿಜವಾದ ಹಲಗೆಯಲ್ಲಿ ಮಾತ್ರ ಎರಡೂ ಮುಖದಿಂದ ಕೊರೆಯಬಾರದು: ನಡುವಿನಿಂದ ಬರೀ 0.4 ಮಿ.ಮೀ. ತಪ್ಪಿದ್ದರೂ ಮಗುಚಿ ಕೊರೆದ ಕಡೆ 1.6ರ ಗ್ರೂವ್ 2.4 ಆಗುತ್ತದೆ. ಎಡ-ಬಲ ಪಕ್ಕದ ಹಲಗೆಗಳೆರಡರಲ್ಲೂ ರೂಟರ್ ಹೊರಮುಖದ ಮೇಲೇ ಕೂರಲಿ. 19 ಮಿ.ಮೀ. ಎಂದು ಕೊಂಡ ಪ್ಲೈವುಡ್ 18ರ ಸುತ್ತ ಇರುವುದು ಮಾಮೂಲು. ಆಗ ಹಲಗೆಗಿಂತ ಅಗಲವಾಗಿ ಹೊರಚಾಚಿದ ಪಟ್ಟಿ ಎರಡೂ ಬದಿಗೆ ಸಮನಾಗಿ ಹಂಚಿಹೋಗಬೇಕು.

ಹೊರ ಅಂಚಿನಲ್ಲಿ ರೂಟರನ್ನು ಹಲಗೆಯ ಸುತ್ತ ಅಪ್ರದಕ್ಷಿಣವಾಗಿ ಒಯ್ಯಿರಿ, ಒಳಗಿನ ಕಿಂಡಿಯಲ್ಲಿ ಪ್ರದಕ್ಷಿಣವಾಗಿ. ತಿರುವುಮುರುವಾದರೆ ಕಟರ್ ತಾನೇ ಮುಂದಕ್ಕೆ ಎಳೆದೋಡುತ್ತದೆ. ಕಟರ್ ಪೂರ್ತಿ ನಿಲ್ಲುವವರೆಗೆ ರೂಟರ್ ಎತ್ತುವಂತಿಲ್ಲ, ಎತ್ತಿದರೆ ಬಟ್ಟಲಿನಂಥ ಗಾಯ ಅಂಚಿನಲ್ಲಿ ಉಳಿಯುತ್ತದೆ. ಅಂಚಿನಿಂದ 15 ಮಿ.ಮೀ. ಒಳಗೆ ಯಾವ ಸ್ಕ್ರೂ ಇರಬಾರದು. ಜೋಡಣೆಗೂ ಬಣ್ಣಕ್ಕೂ ಮೊದಲೇ ಕೊರೆದುಬಿಡುವುದು ಕ್ಷೇಮ.

ಪಟ್ಟಿಯನ್ನು ಕೆಳಗಿನ ಹಿಂಬದಿಯಿಂದ ಶುರುಮಾಡಿ ರಬ್ಬರ್ ಸುತ್ತಿಗೆಯಲ್ಲಿ ತಟ್ಟುತ್ತ ಬನ್ನಿ. ಬಿಗಿಯಾದ ಬಾಗು ಬಂದಲ್ಲಿ ನಾಲಿಗೆಗೆ ಮಾತ್ರ ವಿ ಆಕಾರದ ಕಚ್ಚು ಹಾಕಿ, ಹೊರಮೈಯನ್ನು ಕತ್ತರಿಸಬೇಡಿ. ಗ್ರೂವ್ ಸಡಿಲವಾಗಿದ್ದರೆ ಪಿವಿಎ ಅಂಟು (ಬಡಗಿಗಳ ಬಿಳಿ ಮರದಂಟು) ಸುರಿದು ಪ್ರಯೋಜನವಿಲ್ಲ, ಅದು ಪಟ್ಟಿಯ ಪಿವಿಸಿ ಪ್ಲಾಸ್ಟಿಕ್ಕಿಗೆ ಸರಿಯಾಗಿ ಹಿಡಿಯದು. ಸ್ವಲ್ಪ ಸಡಿಲಕ್ಕೆ ನಾಲಿಗೆಯ ಮೇಲೆ ಮಾಸ್ಕಿಂಗ್ ಟೇಪ್ ಮಡಿಚಿ ಕೂರಿಸಿದರೆ ಸಾಕು. ಬಹಳ ಅಗಲವಾಗಿದ್ದರೆ ತೆಳು ಮರದ ಪಟ್ಟಿಯನ್ನು ಗ್ರೂವ್‌ಗೆ ಅಂಟಿಸಿ ತುಂಬಿ, ಒಣಗಿದ ಮೇಲೆ ಅಂಚನ್ನು ಸಮಮಾಡಿ, ಸರಿಯಾದ ಕಟರ್‌ನಿಂದ ಮತ್ತೆ ಕೊರೆಯಬೇಕು.