ಆ ಷರತ್ತು ಲೆಬ್ರಾನ್ ಒಪ್ಪಂದದಲ್ಲೂ ಇಲ್ಲ

ಆಟಗಾರರ ಒಪ್ಪಂದ ಓದುವುದು, ತಿದ್ದುವುದು ನನ್ನ ಕೆಲಸ. ಬೆಂಗಳೂರಲ್ಲಿ ಕೂತು ಹೆಚ್ಚಾಗಿ ನೋಡುವುದು ಕಬಡ್ಡಿ, ಫುಟ್‌ಬಾಲ್ ಕಾಗದಗಳನ್ನೇ. ಆದರೆ ನನ್ನ ಮುಂದೆ ಕೂರುವ ಹುಡುಗರು, ಅವರಿಗಿಂತ ಜಾಸ್ತಿ ಅವರ ಅಪ್ಪಂದಿರು, ಬೆಳಿಗ್ಗೆ ಕಾಫಿ ಜೊತೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡಿಕೊಂಡು ಬಂದಿರುತ್ತಾರೆ. ಸಂಬಳದ ಮಾತು ಮುಗಿಯುವಷ್ಟರಲ್ಲಿ ಆ ಪ್ರಶ್ನೆ ಬಂದೇ ಬರುತ್ತದೆ. "ಮೇಡಂ, ಟೀಮಿಗೆ ಯಾರನ್ನ ತಗೋಬೇಕು ಅನ್ನೋದ್ರಲ್ಲಿ ನಮ್ಮ ಹುಡುಗನ ಮಾತೂ ನಡೀಬೇಕು ಅಂತ ಒಂದು ಷರತ್ತು ಹಾಕಿಬಿಡಿ. ಲೆಬ್ರಾನ್‌ಗೆ ಇಲ್ವಾ?"

ಇಲ್ಲ ಸಾರ್. ಅಲ್ಲಿಯ ದೊಡ್ಡ ಸ್ಟಾರ್‌ಗಳಾದ ಲೆಬ್ರಾನ್ ಜೇಮ್ಸ್‌ಗೂ ಇಲ್ಲ, ಕೆವಿನ್ ಡುರಾಂಟ್‌ಗೂ ಇಲ್ಲ. ಯಾರಿಗೂ ಇಲ್ಲ.

ಎನ್‌ಬಿಎಯಲ್ಲಿ ಎಲ್ಲರದ್ದೂ ಒಂದೇ ಮಾದರಿ ಒಪ್ಪಂದ. ಲೀಗ್ ಮತ್ತು ಆಟಗಾರರ ಸಂಘ ಸೇರಿ ಮಾಡಿಕೊಂಡದ್ದು. ಅದರಲ್ಲಿ ಯಾವುದನ್ನು ತಿದ್ದಬಹುದು, ಯಾವುದನ್ನು ಮುಟ್ಟಬಾರದು ಅಂತ ಮೊದಲೇ ಗೊತ್ತುಮಾಡಿದ್ದಾರೆ. ಜೊತೆಗಾರನನ್ನು ಆರಿಸುವ ಹಕ್ಕಿಗೆ ಅಲ್ಲಿ ಜಾಗವಿಲ್ಲ. ಹತ್ತಿರಕ್ಕೆ ಬರುವುದು ಒಂದೇ ಷರತ್ತು: ನನ್ನ ಒಪ್ಪಿಗೆ ಇಲ್ಲದೆ ನನ್ನನ್ನು ಬೇರೆ ತಂಡಕ್ಕೆ ಟ್ರೇಡ್ ಮಾಡಬಾರದು. ಅದನ್ನು ಕೇಳಬೇಕಾದರೂ ಲೀಗ್‌ನಲ್ಲಿ 8 ವರ್ಷ ಆಡಿರಬೇಕು, ಅದರಲ್ಲಿ 4 ವರ್ಷ ಆ ತಂಡದಲ್ಲೇ. ಎಷ್ಟೋ ದೊಡ್ಡ ಸ್ಟಾರ್‌ಗಳಿಗೇ ಇದು ಇಲ್ಲ. ಲೂಕಾ ಡಾನ್ಚಿಚ್ 2024ರಲ್ಲಿ ಡಲ್ಲಾಸ್ ತಂಡವನ್ನು ಫೈನಲ್‌ವರೆಗೆ ಎಳೆದುಕೊಂಡು ಹೋದರು. 2025ರ ಫೆಬ್ರವರಿಯಲ್ಲಿ ಅದೇ ತಂಡ ಅವರನ್ನು ಲಾಸ್ ಏಂಜಲೀಸ್ ಲೇಕರ್ಸ್ ತಂಡಕ್ಕೆ ದಾಟಿಸಿತು. ಆಗ ಅವರಿಗೆ 25 ವರ್ಷ. ಅವರನ್ನು ಒಂದು ಮಾತೂ ಕೇಳಲಿಲ್ಲ.

ಹಾಗಾದರೆ ಲೆಬ್ರಾನ್ ಮಾತು ನಡೆದದ್ದು ಹೇಗೆ? ಇಲ್ಲೇ ಎಲ್ಲರೂ ಎಡವುವುದು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. 2014ರಲ್ಲಿ ಅವರು ಮಯಾಮಿ ಬಿಟ್ಟು ಕ್ಲೀವ್‌ಲ್ಯಾಂಡ್‌ಗೆ ವಾಪಸ್ ಬಂದರು. ನಾಲ್ಕು ವರ್ಷಕ್ಕೆ ಸಹಿ ಹಾಕಬಹುದಿತ್ತು. ಹಾಕಿದ್ದು ಎರಡೇ ವರ್ಷಕ್ಕೆ. ಅದರಲ್ಲೂ ಒಂದು ವರ್ಷ ಆದಮೇಲೆ ಬೇಡವೆನಿಸಿದರೆ ಎದ್ದು ಹೋಗುವ ಆಯ್ಕೆ ಅವರದ್ದು. 2015ರಲ್ಲಿ ಮತ್ತೆ ಅದೇ ಲೆಕ್ಕ. ಅಂದರೆ ಪ್ರತಿ ಬೇಸಿಗೆಯಲ್ಲೂ ಕ್ಲೀವ್‌ಲ್ಯಾಂಡ್‌ನವರ ತಲೆಯಲ್ಲಿ ಒಂದೇ ಚಿಂತೆ, ಈ ಸಲ ಇರುತ್ತಾರೋ ಹೋಗುತ್ತಾರೋ? ಈ ಚಿಂತೆ ಇರುವಾಗ ಯಾವ ಷರತ್ತೂ ಬೇಕಿಲ್ಲ. ಅವರು ಬಾಯಿ ಬಿಡುವ ಮೊದಲೇ, ಆಟಗಾರರನ್ನು ಆರಿಸುವ ಮ್ಯಾನೇಜರ್ ಕಿವಿ ಕೊಟ್ಟಿರುತ್ತಾನೆ.

ಬಾಡಿಗೆ ಮನೆಯನ್ನೇ ನೋಡಿ. ಅಗ್ರಿಮೆಂಟಿನ ಹನ್ನೊಂದು ತಿಂಗಳು ಮುಗಿಯುತ್ತಾ ಬಂದಾಗ, ಬಾಡಿಗೆದಾರ ಒಳ್ಳೆಯವನಾದರೆ, ಸೋರುವ ನಲ್ಲಿ ತಾನಾಗಿಯೇ ರಿಪೇರಿ ಆಗುತ್ತದೆ. ನಲ್ಲಿ ಆರಿಸುವ ಹಕ್ಕು ಅಗ್ರಿಮೆಂಟಿನಲ್ಲಿ ಇರುವುದಿಲ್ಲ. (ಬೆಂಗಳೂರಿನ ಓನರ್‌ಗಳು ಇದಕ್ಕೆ ಒಪ್ಪಲ್ಲ, ಅದು ಬೇರೆ ಮಾತು.)

ವಾಪಸ್ ಬರುತ್ತೇನೆ ಅಂತ ಲೆಬ್ರಾನ್ ಹೊರಡಿಸಿದ ಪತ್ರವನ್ನು ಒಮ್ಮೆ ಹುಡುಕಿ ಓದಿ. ಕೈರಿ ಅರ್ವಿಂಗ್, ಟ್ರಿಸ್ಟನ್ ಥಾಂಪ್ಸನ್, ಡಿಯಾನ್ ವೇಟರ್ಸ್, ಆಂಡರ್ಸನ್ ವರೆಜಾವೊ, ಎಲ್ಲರ ಹೆಸರೂ ಇದೆ. ಆ ವರ್ಷದ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದು) ಕ್ಲೀವ್‌ಲ್ಯಾಂಡ್ ಮೊದಲ ಸರದಿಯಲ್ಲೇ ಆರಿಸಿದ್ದ ಆಂಡ್ರ್ಯೂ ವಿಗಿನ್ಸ್ ಹೆಸರು ಮಾತ್ರ ಇಲ್ಲ. ಆಗಸ್ಟ್‌ನಲ್ಲಿ ವಿಗಿನ್ಸ್ ಮಿನೆಸೋಟಾಗೆ ಹೋದರು, ಅಲ್ಲಿಯ ಸ್ಟಾರ್ ಕೆವಿನ್ ಲವ್ ಇತ್ತ ಬಂದರು. ಒಳಗೆ ಯಾರು ಯಾರಿಗೆ ಏನು ಹೇಳಿದರೋ, ನಾನಂತೂ ಆ ಕೋಣೆಯಲ್ಲಿ ಇರಲಿಲ್ಲ. ಆದರೆ ಇಂಥ ಪತ್ರ ನನ್ನ ಮೇಜಿಗೆ ಬಂದರೆ ನಾನು ಮೊದಲು ನೋಡುವುದು ಬಿಟ್ಟುಹೋದ ಹೆಸರನ್ನೇ. ಪತ್ರದಲ್ಲಿ ಹೆಸರಿದ್ದವರೂ ನಿಶ್ಚಿಂತೆಯಾಗಿ ಇರುವಂತಿರಲಿಲ್ಲ ಅನ್ನಿ, ಮುಂದಿನ ಜನವರಿಯಲ್ಲಿ ವೇಟರ್ಸ್ ಕೂಡ ಗಂಟುಮೂಟೆ ಕಟ್ಟಿದರು. ಥಾಂಪ್ಸನ್ ಉಳಿದರು. 2015ರ ಅಕ್ಟೋಬರ್‌ನಲ್ಲಿ ಅವರಿಗೆ 5 ವರ್ಷಕ್ಕೆ 8.2 ಕೋಟಿ ಡಾಲರ್ ಸಿಕ್ಕಿತು. ಅವರ ಏಜೆಂಟ್ ರಿಚ್ ಪಾಲ್, ಲೆಬ್ರಾನ್ ಏಜೆಂಟೂ ಅವರೇ. 2016ರಲ್ಲಿ ಕ್ಲೀವ್‌ಲ್ಯಾಂಡ್ ಚಾಂಪಿಯನ್ ಆಯಿತು, ಹಾಗಾಗಿ ಇದನ್ನೆಲ್ಲ ಈಗ ಯಾರೂ ಕೆದಕುವುದಿಲ್ಲ.

ಇದರ ಉಲ್ಟಾ ಕೇಸ್ ಕೆವಿನ್ ಡುರಾಂಟ್‌ರದ್ದು. 2021ರಲ್ಲಿ ಬ್ರೂಕ್ಲಿನ್ ಜೊತೆ ನಾಲ್ಕು ವರ್ಷದ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು. ಅದು ಶುರುವಾಗುವ ಹೊತ್ತಿಗೇ, 2022ರ ಬೇಸಿಗೆಯಲ್ಲಿ, ನನ್ನನ್ನು ಟ್ರೇಡ್ ಮಾಡಿ ಅಂದರು. ಕೋಚ್ ಮತ್ತು ಮ್ಯಾನೇಜರ್ ಇಬ್ಬರನ್ನೂ ಬದಲಿಸಿ ಎಂದು ಕೇಳಿದರು ಅಂತಲೂ ವರದಿಯಾಯಿತು. ಮಾಲೀಕ ಜೋ ತ್ಸಾಯ್ ಬಹಿರಂಗವಾಗಿಯೇ ತಮ್ಮವರ ಬೆನ್ನಿಗೆ ನಿಂತರು. ನಿಲ್ಲಬಲ್ಲವರಾಗಿದ್ದರು, ಯಾಕೆಂದರೆ ಕೈಯಲ್ಲಿ ನಾಲ್ಕು ವರ್ಷದ ಕಾಗದ ಇತ್ತು. ಕೊನೆಗೆ 2023ರ ಫೆಬ್ರವರಿಯಲ್ಲಿ ಡುರಾಂಟ್ ಫೀನಿಕ್ಸ್‌ಗೆ ಹೋದದ್ದು ನಿಜ. ಆದರೆ ಬ್ರೂಕ್ಲಿನ್ ಬರಿಗೈಯಲ್ಲಿ ಕೂರಲಿಲ್ಲ. ಮಿಕಾಲ್ ಬ್ರಿಜಸ್, ಕ್ಯಾಮ್ ಜಾನ್ಸನ್, ಮೇಲೆ ನಾಲ್ಕು ಮೊದಲ ಸುತ್ತಿನ ಡ್ರಾಫ್ಟ್ ಹಕ್ಕು ವಸೂಲು ಮಾಡಿಕೊಂಡಿತು. ಡುರಾಂಟ್ ಆಟ ಲೆಬ್ರಾನ್‌ಗಿಂತ ಕಡಿಮೆ ಅಂತ ಅಲ್ಲ ಸ್ವಾಮಿ. ಕಾಗದದ ಕೊನೆ ದಿನಾಂಕ ದೂರ ಇತ್ತು, ಅಷ್ಟೇ.

ಮಾಲೀಕರೂ ನನ್ನ ಹತ್ತಿರ ಬರುತ್ತಾರೆ. ಅವರದ್ದು ಇದೇ ಹುಚ್ಚು, ಬೇರೆ ದಿಕ್ಕಿನಿಂದ. "ಸ್ಟಾರ್ ಆಯ್ಕೆ ವಿಷಯದಲ್ಲಿ ತಲೆ ಹಾಕಬಾರದು ಅಂತ ಬರೆಸಿ ಮೇಡಂ. ಜೋರ್ಡನ್ ಕಾಲದಲ್ಲಿ ಹೀಗೆಲ್ಲ ಇತ್ತಾ?" ಇರಲಿಲ್ಲ, ಸರಿ. 1988ರ ಜೂನ್‌ನಲ್ಲಿ ಜೋರ್ಡನ್ ಆಡುತ್ತಿದ್ದ ಶಿಕಾಗೊ ತಂಡದ ಮ್ಯಾನೇಜರ್ ಜೆರ್ರಿ ಕ್ರೌಸ್ ಅವರು ಚಾರ್ಲ್ಸ್ ಓಕ್ಲಿಯನ್ನು ನ್ಯೂಯಾರ್ಕ್‌ಗೆ ಕೊಟ್ಟು ಬಿಲ್ ಕಾರ್ಟ್‌ರೈಟ್‌ನನ್ನು ತಂದರು. ಓಕ್ಲಿ ಜೋರ್ಡನ್‌ಗೆ ಜೀವದ ಗೆಳೆಯ, ಅಂಗಳದಲ್ಲಿ ಅವರನ್ನು ಕಾಯುತ್ತಿದ್ದ ಆಳು. ಜೋರ್ಡನ್ ಕೆಂಡವಾದರು. ಏನೂ ಆಗಲಿಲ್ಲ. 1991ರಿಂದ ಸತತ ಮೂರು ಸಲ ಗೆದ್ದ ತಂಡದಲ್ಲಿ ಕಾರ್ಟ್‌ರೈಟ್ ಇದ್ದರು. ಈ ಕಥೆಯನ್ನು ಮಾಲೀಕರು ಬಾಯಿ ಚಪ್ಪರಿಸಿಕೊಂಡು ಹೇಳುತ್ತಾರೆ. ಆದರೆ ಒಪ್ಪಂದ ಮುಗಿದ ಆಟಗಾರ ಹಳೆ ತಂಡದ ಹಂಗಿಲ್ಲದೆ ಎದ್ದು ಹೋಗುವ ದಾರಿ ತೆರೆದದ್ದೇ ಆ 1988ರಲ್ಲಿ. ಹಾಗೆ ಹೋದ ಮೊದಲಿಗ ಟಾಮ್ ಚೇಂಬರ್ಸ್, ಸಿಯಾಟಲ್‌ನಿಂದ ಫೀನಿಕ್ಸ್‌ಗೆ. ಜೋರ್ಡನ್ ಅದೇ ವರ್ಷ ಎಂಟು ವರ್ಷಕ್ಕೆ ಸಹಿ ಹಾಕಿ ಕೂತರು! ಕ್ರೌಸ್ ಧೈರ್ಯವಂತರು ಹೌದು, ಆದರೆ ಜೋರ್ಡನ್ ಎಲ್ಲೂ ಹೋಗುವಂತಿರಲಿಲ್ಲ ಅನ್ನುವುದನ್ನೂ ಸೇರಿಸಿ ಹೇಳಬೇಕಲ್ವಾ?

ಸ್ಟಾರ್ ಮಾತು ಕೇಳಿದರೆ ತಂಡ ಹಾಳು ಅನ್ನುವುದಕ್ಕೂ ನಾನು ಸಿದ್ಧಳಿಲ್ಲ. 2019ರಲ್ಲಿ ಕವಾಯ್ ಲೆನರ್ಡ್ ಬರಬೇಕಾದರೆ ಪಾಲ್ ಜಾರ್ಜ್ ಕೂಡ ಬೇಕು ಅನ್ನುವ ಸ್ಥಿತಿ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೆ ಬಂತು. ಜಾರ್ಜ್ ಆಡುತ್ತಿದ್ದ ಓಕ್ಲಹೋಮಾ ಸಿಟಿಗೆ ಕೊಟ್ಟದ್ದು ಐದು ಮೊದಲ ಸುತ್ತಿನ ಡ್ರಾಫ್ಟ್ ಹಕ್ಕು, ಎರಡು ಸಲ ಡ್ರಾಫ್ಟ್ ಸರದಿ ಅದಲುಬದಲು ಮಾಡಿಕೊಳ್ಳುವ ಹಕ್ಕು, ಗ್ಯಾಲಿನಾರಿ ಎಂಬ ಆಟಗಾರ, ಜೊತೆಗೆ ಒಂದೇ ಸೀಸನ್ ಆಡಿದ್ದ ಶೇ ಗಿಲ್ಜಸ್ ಅಲೆಕ್ಸಾಂಡರ್ ಎಂಬ ಹುಡುಗ. 2024ರಲ್ಲಿ ಜಾರ್ಜ್ ಒಪ್ಪಂದ ಮುಗಿಸಿ ಫಿಲಡೆಲ್ಫಿಯಾಗೆ ಹೋದರು, ಕ್ಲಿಪ್ಪರ್ಸ್‌ಗೆ ಬದಲಿಗೆ ಏನೂ ಸಿಗಲಿಲ್ಲ. 2025ರಲ್ಲಿ ಶೇ ಲೀಗ್‌ನ ಅತ್ಯುತ್ತಮ ಆಟಗಾರ, ಓಕ್ಲಹೋಮಾ ಚಾಂಪಿಯನ್. ಈಗ ನಗುವುದು ಸುಲಭ. ಅವತ್ತು ನನ್ನನ್ನು ಕೇಳಿದ್ದರೆ? ಬಹುಶಃ ನಾನೂ ಸಹಿ ಹಾಕಿ ಅಂತಲೇ ಹೇಳುತ್ತಿದ್ದೆ. ಆದರೆ ಕವಾಯ್ ಸಹಿ ಮೂರೇ ವರ್ಷಕ್ಕೆ, ಕೊನೆಯದು ಅವರ ಇಷ್ಟಕ್ಕೆ ಬಿಟ್ಟದ್ದು. ತಂಡ ಬಿಟ್ಟುಕೊಟ್ಟ ಹಕ್ಕುಗಳೋ, 2026ರವರೆಗಿನವು. ಈ ಎರಡು ದಿನಾಂಕಗಳನ್ನು ಅಕ್ಕಪಕ್ಕ ಬರೆದು ತೋರಿಸುವುದು ಮಾತ್ರ ವಕೀಲರ ಕೆಲಸ. ಆಮೇಲೆ ದುಡ್ಡಿನವರ ಇಷ್ಟ.

ಇಷ್ಟು ಹೇಳಿದ ಮೇಲೆ ಅಪ್ಪಂದಿರ ಕಣ್ಣು ಅರಳುತ್ತದೆ. "ಹಾಗಾದ್ರೆ ನಾವೂ ಒಂದೇ ವರ್ಷಕ್ಕೆ ಸಹಿ ಹಾಕೋಣ!" ಇಲ್ಲಿ ನನಗೆ ನಿಜವಾಗಿ ಭಯ ಆಗುತ್ತದೆ. ಮಗನ ಮೇಲೆ ಅಷ್ಟು ನಂಬಿಕೆ ಇಟ್ಟ ಮನುಷ್ಯನಿಗೆ ಬೇಡ ಅನ್ನಲು ಕಷ್ಟ, ಆದರೂ ಅನ್ನುತ್ತೇನೆ. ಹತ್ತಿರದ ದಿನಾಂಕ ಎರಡೂ ಕಡೆ ಕೊಯ್ಯುತ್ತದೆ. ತಂಡಕ್ಕೆ ನಿಮ್ಮನ್ನು ಕಳೆದುಕೊಳ್ಳುವ ಭಯ ಇದ್ದರೆ ಅದು ನಿಮ್ಮ ಬಲ, ಇಲ್ಲದಿದ್ದರೆ ನಿಮ್ಮನ್ನು ಹೊರಗೆ ಕಳಿಸುವ ಬಾಗಿಲು. ಬಾಸ್ಟನ್‌ನ ಐಸಾಯಾ ಥಾಮಸ್ 2016-17ರಲ್ಲಿ ಪಂದ್ಯಕ್ಕೆ ಸರಾಸರಿ 28.9 ಅಂಕ ಹೊಡೆದರು. ಒಪ್ಪಂದದಲ್ಲಿ ಇನ್ನೊಂದೇ ವರ್ಷ ಬಾಕಿ, ಅದು ಮುಗಿದರೆ ದೊಡ್ಡ ಮೊತ್ತ. ಅಷ್ಟರಲ್ಲಿ ಸೊಂಟಕ್ಕೆ ಪೆಟ್ಟಾಯಿತು. ಆ ಬೇಸಿಗೆಯಲ್ಲೇ ಅವರನ್ನು ಕ್ಲೀವ್‌ಲ್ಯಾಂಡ್‌ಗೆ ಕೊಟ್ಟು ಬಾಸ್ಟನ್ ಕೈರಿಯನ್ನು ತಂದುಕೊಂಡಿತು. 2018ರಲ್ಲಿ ಥಾಮಸ್ ಡೆನ್ವರ್ ಜೊತೆ ಸಹಿ ಹಾಕಿದ್ದು ಒಂದು ವರ್ಷಕ್ಕೆ, ಲೀಗ್‌ನ ಕನಿಷ್ಠ ಸಂಬಳಕ್ಕೆ.

ನಿಮ್ಮ ಕಾಗದ ನೋಡದೆ ಇಂಥದ್ದೇ ಮಾಡಿ ಅಂತ ನಾನು ಹೇಳಲಾರೆ. ಆದರೆ ಮೊದಲ ಒಪ್ಪಂದ ಹಿಡಿದು ಬರುವವರಿಗೆ, ಗೆಳೆಯನನ್ನು ತಂಡಕ್ಕೆ ಸೇರಿಸುವ ಮಾತು ಎತ್ತುವ ಮುನ್ನ, ಗಾಯವಾದರೆ ಸಂಬಳ ನಿಲ್ಲುತ್ತದೆಯೇ, ಆಸ್ಪತ್ರೆ ಬಿಲ್ ಯಾರದ್ದು, ಮಧ್ಯದಲ್ಲಿ ಕೈಬಿಟ್ಟರೆ ಎಷ್ಟು ಕೊಡಬೇಕು ಅನ್ನುವ ಸಾಲುಗಳ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದುಕೊಂಡು ಬನ್ನಿ ಅಂತೀನಿ. ಹೆಚ್ಚಿನವರ ಕಾಗದದಲ್ಲಿ ಆ ಸಾಲುಗಳೇ ಇರುವುದಿಲ್ಲ.