ಮೊಣಕೈ ನೋವಿಗೆ ಪಾಪ ನರವನ್ಯಾಕೆ ಬೈತೀರಾ

ನಮ್ಮ ಕಡೆ ಮೈಯೊಳಗೆ ದಾರದ ಥರ ಇರೋದೆಲ್ಲಾ ನರಾನೇ. ಕುತ್ತಿಗೆ ಹಿಡ್ಕೊಂಡ್ರೂ ನರ, ಸೊಂಟ ಹಿಡ್ಕೊಂಡ್ರೂ ನರ. ಕೊಡವರ ಆಯುಧಪೂಜೆ ಹಬ್ಬ ಕೈಲ್ ಮುಹೂರ್ತಕ್ಕೆ ಅಂತ ಅಮೆರಿಕದಿಂದ ಕೊಡಗಿನ ಗೋಣಿಕೊಪ್ಪಕ್ಕೆ ಬಂದಿದ್ದ ನನ್ನ ದೊಡ್ಡಮ್ಮನ ಮಗನ ಕಥೆನೂ ಅದೇ. ಅಲ್ಲಿ ಲೈಸೆನ್ಸ್ ತಗೊಂಡು ಬಿಲ್ಲಲ್ಲಿ ಜಿಂಕೆ ಹೊಡೀತಾನೆ (ಇಲ್ಲಿ ಹೊಡೆದ್ರೆ 1972ರ ವನ್ಯಜೀವಿ ಕಾಯ್ದೆ ಇದೆ, ಕೋವಿ ಆದ್ರೂ ಅಷ್ಟೇ ಬಿಲ್ಲಾದ್ರೂ ಅಷ್ಟೇ), ಅಂಥೋನಿಗೆ ತೆಂಗಿನಕಾಯಿಗೆ ಗುಂಡು ಹೊಡಿಯೋ ಪೈಪೋಟಿಲಿ ಕೋವಿ ಎತ್ತೋಕೇ ಆಗ್ಲಿಲ್ಲ. ಎಡ ಮೊಣಕೈ ಹೊರಗಡೆ ಗಂಟಿನ ಹತ್ರ ಚುಳ್ ಅಂತಿತ್ತು, ಕಾಫಿ ಲೋಟ ಎತ್ತಿದ್ರೂ ಚುಳ್. "ನರ ಎಳ್ಕೊಂಡಿದೆ ಮಗಾ, ಉಜ್ಜಿಸ್ಬೇಕು" ಅಂದ್ರು ಅತ್ತೆ. ಇನ್ಯಾರೋ ದೃಷ್ಟಿ ಅಂತ ಹೇಳಿ ಮಂತ್ರಿಸಿದ ದಾರಾನೂ ಕಟ್ಟಿಸಿದ್ರು.

ನರ ಅಂದ್ರೆ ಕರೆಂಟ್ ವೈರು. ಇವನಿಗೆ ನೋಯ್ತಿರೋದು ಹಗ್ಗ, ಅಂದ್ರೆ ಮಾಂಸಖಂಡಾನ ಮೂಳೆಗೆ ಕಟ್ಟಿರೋ ಟೆಂಡನ್ನು.

ಈಗ್ಲೇ ಒಂದು ಕೈನ ಮುಷ್ಟಿ ಗಟ್ಟಿಯಾಗಿ ಹಿಡೀರಿ, ಇನ್ನೊಂದು ಕೈಲಿ ಆ ಮುಂಗೈ (ಮಣಿಕಟ್ಟಿಂದ ಮೊಣಕೈವರೆಗಿನ ಭಾಗ) ಮೇಲ್ಭಾಗ ಮುಟ್ಟಿ ನೋಡಿ. ಬೆರಳು ಮಡಚೋ ಖಂಡ ಇರೋದು ಒಳಭಾಗದಲ್ಲಿ, ಆದ್ರೂ ಮೇಲ್ಭಾಗ ಕಲ್ಲಾಗಿದೆ ಅಲ್ವಾ? ಯಾಕಂದ್ರೆ ಬೆರಳು ಎಳಿಯೋ ಹಗ್ಗಗಳು ಮಣಿಕಟ್ಟನ್ನೂ ಒಳಗೆ ಮಡಚಿಬಿಡ್ತವೆ, ಅದನ್ನ ತಡೆಯೋಕೆ ಮೇಲಿನ ಖಂಡ ಹಿಂದಕ್ಕೆ ಎಳೀಲೇಬೇಕು. ಶಾಮಿಯಾನದ ಕಂಬ ನೆಟ್ಟಗೆ ನಿಲ್ಬೇಕಂದ್ರೆ ಎರಡೂ ಕಡೆ ಹಗ್ಗ ಬಿಗೀಬೇಕಲ್ಲ, ಹಾಗೆ. ಇಲ್ಲಾಂದ್ರೆ ಹಗ್ಗಜಗ್ಗಾಟ ನೆನಪು ಮಾಡ್ಕೊಳ್ಳಿ, ನಡುವಿನ ಕರ್ಚೀಫು ಅಲ್ಲಾಡ್ತಿಲ್ಲ ಅಂದ್ರೆ ಎರಡೂ ಟೀಮು ಬೆವರು ಸುರಿಸ್ತಿದೆ ಅಂತ. ಆ ಮೇಲಿನ ಟೀಮಿನ ಹಗ್ಗ ಕಟ್ಟಿರೋದು ಮೊಣಕೈ ಹೊರಗಂಟಿನ ಒಂದು ಸಣ್ಣ ಜಾಗಕ್ಕೆ. ಮರ ಕಪಾತು ಮಾಡೋರಿಗೆ ಕತ್ತಿ ಹಿಡಿದೂ ಹಿಡಿದೂ ಅಲ್ಲೇ ನೋವು ಬರೋದು. 1883ರಲ್ಲಿ ಇಂಗ್ಲೆಂಡಲ್ಲಿ ಟೆನಿಸ್ ಆಡೋರ ಹೆಸರು ಇದಕ್ಕೆ ಅಂಟ್ಕೊಳ್ತು, ಟೆನಿಸ್ ಎಲ್ಬೋ ಅಂತ; ಕತ್ತಿ ಹಿಡಿಯೋರ ಹೆಸರು ಯಾರಿಡ್ತಾರೆ!

ಇವನ ಬಿಲ್ಲು 60 ಪೌಂಡ್, ಅಂದ್ರೆ ಸುಮಾರು 27 ಕೇಜಿ ಎಳೆತ. ಎಡಗೈಲಿ ಬಸ್ಸಿನ ಕಂಬಿ ಹಿಡಿದಂಗೆ ಹಿಡೀತಿದ್ದ. ಬೇಕೇ ಇಲ್ಲ! ದಾರ ಹಿಂದಕ್ಕೆಳೆದಾಗ ಬಿಲ್ಲು ತಾನಾಗೇ ಬಂದು ಹೆಬ್ಬೆರಳಿನ ಬುಡಕ್ಕೆ ಒತ್ಕೊಂಡು ಕೂರುತ್ತೆ, ಬೆರಳು ಸಡಿಲ ಬಿಡ್ಬಹುದು. ಬಾಣ ಬಿಟ್ಮೇಲೆ ಬೀಳುತ್ತೆ ಅನ್ನೋ ಭಯ ಇದ್ರೆ ಮಣಿಕಟ್ಟಿಗೆ ಒಂದು ಪಟ್ಟಿ. ದಾರ ಎಳೆಯೋ ಬಲಗೈ ನೋಯೋರು ಮಣಿಕಟ್ಟು ನೇರ ಇಟ್ಟು ಬೆನ್ನಿನ ಖಂಡದಿಂದ ಎಳೀಬೇಕು, ತೋಳಿಂದಲ್ಲ.

"ನಮ್ಮ ಅಜ್ಜಂದಿರು ಬಿಲ್ಲು ಹಿಡ್ದೋರಲ್ವಾ, ಅವ್ರಿಗೇನೂ ಆಗ್ಲಿಲ್ಲ" ಅಂತ ಇವನ ವಾದ ಬೇರೆ. ಕೊಡವರಲ್ಲಿ ಗಂಡುಮಗು ಹುಟ್ಟಿದ್ರೆ ಹರಳುಗಿಡದ ಕಡ್ಡೀಲಿ ಮಾಡಿದ ಪುಟ್ಟ ಬಿಲ್ಲು ಕೈಗಿಡೋ ಪದ್ಧತಿ ಇತ್ತು, ನಿಜ. ಆದ್ರೆ ಚಿಕ್ಕಂದಿನಿಂದ ಎಳೆದೋರ ಮೈಯೇ ಬೇರೆ. 1545ರಲ್ಲಿ ಮುಳುಗಿದ ಮೇರಿ ರೋಸ್ ಅನ್ನೋ ಇಂಗ್ಲಿಷ್ ಹಡಗಲ್ಲಿ ಸಿಕ್ಕ ಅಸ್ಥಿಪಂಜರಗಳಲ್ಲಿ ಭುಜದ ತುದಿ ಮೂಳೆ ಕೂಡ್ಕೊಳ್ಳದೇ ಉಳಿದಿರೋರು ಸಾಮಾನ್ಯಕ್ಕಿಂತ ಜಾಸ್ತಿ, ಎಳೇ ವಯಸ್ಸಿಂದ ಬಿಲ್ಲೆಳೆದಿದ್ದಕ್ಕೇ ಇರ್ಬೇಕು ಅಂತಾರೆ. ಇನ್ನೊಂದು ಮಜಾ ಕೇಳಿ. 1950-60ರ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14ನ ಗುರುತು ಹಿಡ್ಕೊಂಡು ಹಿಮ್ಮಡಿ ಟೆಂಡನ್ನಿನ ವಯಸ್ಸು ಅಳೆದ್ರು. ಅದರ ತಿರುಳು 17 ವರ್ಷದೊಳಗೆ ತಯಾರಾಗಿ ಆಮೇಲೆ ಹೆಚ್ಚುಕಮ್ಮಿ ಹೊಸದಾಗೋದೇ ಇಲ್ಲ! ಮೊಣಕೈದೂ ಹೀಗೇ ಇದ್ರೆ, ನಲವತ್ತಕ್ಕೆ ಬಿಲ್ಲು ಹಿಡಿದ ನಮ್ಮ ಹೀರೋ ಹಳೇ ಹಗ್ಗಕ್ಕೆ ಹೊಸ ಭಾರ ಹಾಕಿದ.

ಸ್ಟೀರಾಯ್ಡ್ ಸೂಜಿ ಹಾಕಿಸ್ಕೊಂಡ್ರೆ ಬೇಗ ಹಾಯಾಗುತ್ತೆ, ಆದ್ರೆ 2013ರಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ವರ್ಷದೊಳಗೆ ಸೂಜಿ ಹಾಕಿಸ್ಕೊಂಡವರಲ್ಲಿ 100ಕ್ಕೆ 54 ಜನಕ್ಕೆ ನೋವು ವಾಪಸ್ಸು, ಔಷಧಿ ಇಲ್ಲದ ಸುಳ್ಳು ಸೂಜಿಯವರಲ್ಲಿ 12. ಕೈ ಕಟ್ಕೊಂಡು ಕೂತ್ರೂ ಹಗ್ಗ ಗಟ್ಟಿಯಾಗಲ್ಲ. ಬಿಲ್ಲಿನ ಪೌಂಡ್ ಇಳಿಸ್ಬೇಕು, ಮುಂಗೈನ ಟೇಬಲ್ ಮೇಲಿಟ್ಟು ಅಂಗೈ ಕೆಳಗೆ ಮಾಡಿ ಅಂಚಿನಾಚೆ ಚಾಚಿ, ನೀರು ತುಂಬಿದ ಬಾಟ್ಲಿನ ಇನ್ನೊಂದು ಕೈಲಿ ಎತ್ತಿಕೊಟ್ಟು ನೋಯೋ ಕೈಲಿ ನಿಧಾನಕ್ಕೆ ಇಳಿಸ್ಬೇಕು, ತಡ್ಕೊಳ್ಳೋವಷ್ಟು ನೋವಿದ್ರೆ ಪರವಾಗಿಲ್ಲ. ತಿಂಗಳುಗಟ್ಲೆ ಹಿಡಿಯುತ್ತೆ.

ಕಿರುಬೆರಳು, ಉಂಗುರಬೆರಳು ಜೋಮು ಹಿಡೀತಿದ್ರೆ ಮಾತ್ರ ಬಾಟ್ಲಿ ಬದಿಗಿಟ್ಟು ಡಾಕ್ಟರ್ ಹತ್ರ ಹೋಗಿ. ಅದು ನಿಜವಾಗ್ಲೂ ನರ ಇರ್ಬಹುದು, ಆಗ ಅತ್ತೆ ಗೆದ್ರು. ಉಜ್ಜಿಸೋಕೆ ಮಾತ್ರ ಕೊಡ್ಬೇಡಿ.